ಅಪ್ಪನಿಗೆ ದೌಲತಾಬಾದ್ ತೋರಿಸಿದ್ದು

ಪ್ರವಾಸಿಗರು ಬರುವ ಊರಿನಲ್ಲಿ ಮನೆ ಮಾಡಬಾರದು. ಮಾಡಿದರೂ ನೆಂಟರಿಗೆ ವಿಳಾಸ ಕೊಡಬಾರದು. 1989ರಲ್ಲಿ ನಾನು ವಾಳೂಜಿನ ಒಂದು ಕಾರ್ಖಾನೆಗೆ ಸೂಪರ್‌ವೈಸರ್ ಆಗಿ ಔರಂಗಾಬಾದಿಗೆ ಬಂದೆ. ಅಂದಿನಿಂದ ಊರ ಕಡೆಯವರು ಯಾರೇ ಫೋನು ಮಾಡಲಿ, ಮೊದಲು ಆರೋಗ್ಯ ಕೇಳುತ್ತಾರೆ, ಆಮೇಲೆ ಮಳೆ ಕೇಳುತ್ತಾರೆ, ಮೂರನೆಯದಾಗಿ "ಅಜಂತಾ ಎಲ್ಲೋರಾ ನೋಡ್ಬೇಕಂತ ಮಾಡೀವಿ ನೋಡಪಾ" ಅನ್ನುತ್ತಾರೆ. ಮಾಡೀವಿ ಅಂದರೆ ಟಿಕೆಟು ತೆಗೆಸಿ ಆಗಿದೆ ಎಂದೇ ಅರ್ಥ.

ಊರಿನ ಹೆಸರು 2023ರಲ್ಲಿ ಛತ್ರಪತಿ ಸಂಭಾಜಿನಗರ ಎಂದು ಬದಲಾಯಿತು. ನಮ್ಮ ಗುಲ್ಬರ್ಗಾ 2014ರಲ್ಲಿ ಕಲಬುರಗಿ ಆಯಿತು. ನಾನು ಹೇಳಹೊರಟಿರುವುದು ಅದಕ್ಕಿಂತ ಹಿಂದಿನ ಸಂಗತಿಯಾದ್ದರಿಂದ ಹಳೆಯ ಹೆಸರುಗಳನ್ನೇ ಇಟ್ಟುಕೊಂಡಿದ್ದೇನೆ. ಅಪ್ಪನ ಬಾಯಿಗೆ ಹೊಸ ಹೆಸರು ಕೂಡುವುದಿಲ್ಲ.

ಬಂದವರನ್ನು ತಿರುಗಿಸಲು ನನ್ನದೊಂದು ವೇಳಾಪಟ್ಟಿ ಉಂಟು. ಸೋಮವಾರ ಅಜಂತಾ ಬಂದ್, ಮಂಗಳವಾರ ಎಲ್ಲೋರಾ ಬಂದ್. ಇದನ್ನು ಕೇಳದೆ ಬಂದು, ಗೇಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದವರು ನಮ್ಮ ಬಳಗದಲ್ಲೇ ಇಬ್ಬರಿದ್ದಾರೆ. ಒಂದು ದಿನ ಅಜಂತಾಕ್ಕೆ ಬೇಕು, ಹೋಗಿ ಬರುವುದು ಇನ್ನೂರು ಕಿಲೋಮೀಟರ್. ಇನ್ನೊಂದು ದಿನ ದೌಲತಾಬಾದ್, ಖುಲ್ದಾಬಾದ್, ಎಲ್ಲೋರಾ, ಘೃಷ್ಣೇಶ್ವರ. ಎಲ್ಲವೂ ಒಂದೇ ದಾರಿಯಲ್ಲಿ, ಮೂವತ್ತು ಕಿಲೋಮೀಟರಿನ ಒಳಗೆ. ಸಂಜೆ ಬೀಬಿ ಕಾ ಮಕ್ಬರಾ, ಪನಚಕ್ಕಿ. ಇನ್ನೂ ಉಳಿದರೆ ಪೈಠಣ. ಏಕನಾಥರ ಸಮಾಧಿ, ಜಾಯಕವಾಡಿ ಜಲಾಶಯ, ಚಳಿಗಾಲವಾದರೆ ದೂರದೇಶದ ಹಕ್ಕಿಗಳು. ಅಲ್ಲಿಂದ ಅವರನ್ನು ಶಿರಡಿ, ನಾಸಿಕ, ತ್ರ್ಯಂಬಕದ ಬಸ್ಸಿಗೆ ಹತ್ತಿಸಿದರೆ ನನ್ನ ಕೆಲಸ ಮುಗಿಯಿತು.

ನಮ್ಮವರ ಅಭಿಮಾನವನ್ನು ನೋಡಬೇಕೆಂದರೆ ಎಲ್ಲೋರಾದ ಹದಿನಾರನೇ ಗುಹೆಯ ಮುಂದೆ ನಿಲ್ಲಬೇಕು. ಕೈಲಾಸ ದೇವಾಲಯ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು, ಎಂಟನೇ ಶತಮಾನದ್ದು ಎಂಬುದು ಶಾಲೆಯಲ್ಲಿ ಓದಿದ್ದು. ಒಳಗೆ ಕಾಲಿಟ್ಟ ಕೂಡಲೆ "ನಮ್ಮ ಕನ್ನಡದವರು ಮಾಡಿಸಿದ್ದು" ಎಂದು ಅಲ್ಲಿನ ಮರಾಠಿ ಗೈಡಿಗೆ ಹೇಳುತ್ತಾರೆ. ಗೈಡ್ ಪಾಪ ತಲೆದೂಗುತ್ತಾನೆ, ದಿನಕ್ಕೆ ನಾಕು ಸಲ ಕೇಳಿದ ಮಾತು. ಗುಡ್ಡವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು, ಶಿಖರ ಮೊದಲು, ಪಾಯ ಕೊನೆಗೆ ಮಾಡಿದ ಗುಡಿ ಅದು. ಅದನ್ನು ಕಡಿದ ಶಿಲ್ಪಿಯೇ ಮುಗಿದ ಮೇಲೆ ನೋಡಿ, ಇದನ್ನು ನಾನು ಹೇಗೆ ಮಾಡಿದೆನೋ ಎಂದು ಬೆರಗಾದನಂತೆ; ಬರೋಡಾದಲ್ಲಿ ಸಿಕ್ಕ ರಾಷ್ಟ್ರಕೂಟರ ತಾಮ್ರಪಟದಲ್ಲಿ ಹಾಗಿದೆ. ಮಾಡಿದವನಿಗೇ ಅಷ್ಟು ಸಂಕೋಚ ಇದ್ದಾಗ ನಮ್ಮದೇನು? ಇನ್ನೊಂದು ತಮಾಷೆ ಇದೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗದ ಲೆಕ್ಕ. ಗೋದಾವರಿ ಹರಿಯುವುದು ಪೈಠಣದಲ್ಲಿ, ನಮ್ಮ ಮನೆಯಿಂದ ಐವತ್ತು ಕಿಲೋಮೀಟರ್ ದಕ್ಷಿಣಕ್ಕೆ. ಅಂದರೆ ಆ ಲೆಕ್ಕದಲ್ಲೂ ನಾನು ಹೊರನಾಡ ಕನ್ನಡಿಗನೇ. ಒಂದು ಹೊಳೆಯಷ್ಟರಲ್ಲಿ ತಪ್ಪಿತು.

ದೌಲತಾಬಾದಿನ ಮಾತು ಬಂದರೆ ಮಾತ್ರ ನೆಂಟರು "ಕೋಟಿ ಹತ್ಬೇಕೇನು?" ಎಂದು ರಾಗ ಎಳೆಯುತ್ತಾರೆ. ಆದರೆ ಹೆಸರು ಎಲ್ಲರಿಗೂ ಗೊತ್ತು. ನಮ್ಮವರಿಗೆ ದೌಲತಾಬಾದ್ ಅಂದರೆ ತುಘಲಕ್, ತುಘಲಕ್ ಅಂದರೆ ಗಿರೀಶ ಕಾರ್ನಾಡ. 1964ರ ಆ ನಾಟಕದ ಅರ್ಧ ನಡೆಯುವುದು ಇಲ್ಲಿಯೇ. ಕೋಟೆಯ ಮೇಲೆ ರಾತ್ರಿ ಕಾವಲಿಗಿದ್ದ ಇಬ್ಬರು ಸಿಪಾಯಿಗಳು, ಒಬ್ಬ ವಯಸ್ಸಾದವನು, ಒಬ್ಬ ಹುಡುಗ, ಮಾತಾಡುವ ದೃಶ್ಯವನ್ನು ಕಾಲೇಜಿನಲ್ಲಿ ನಾವೂ ಆಡಿದ್ದೆವು. ಹುಡುಗ ಸಿಪಾಯಿ ನಾನೇ. ಆಗ ದೌಲತಾಬಾದ್ ಎಲ್ಲಿದೆ ಎಂಬುದು ನಕಾಶೆಯಲ್ಲಿ ಕೂಡ ನನಗೆ ಗೊತ್ತಿರಲಿಲ್ಲ.

ಈ ಕೋಟೆಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ನೆನಪಿನಲ್ಲಿ ಉಳಿದದ್ದು ಒಂದೇ ಸಲದ್ದು, 2004ರ ಡಿಸೆಂಬರಿನದು.

ಆ ವರ್ಷ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಅಪ್ಪನಿಗೆ ಎಪ್ಪತ್ತು. ನಮ್ಮದು ಆಳಂದ ತಾಲೂಕಿನ ಒಂದು ಹಳ್ಳಿ. ಮಣ್ಣಿನ ಮಾಳಿಗೆ ಮನೆ, ಹನ್ನೊಂದು ಎಕರೆ ಎರಿ ಹೊಲ, ಒಂದು ಎಮ್ಮೆ. ತಂಗಿ ಬೀದರಿನಲ್ಲಿ, ಗಂಡುಮಗ ನಾನೊಬ್ಬನೇ. ಎಪ್ಪತ್ತರ ಮನುಷ್ಯ ಒಬ್ಬನೇ ರೊಟ್ಟಿ ಬಡಿದುಕೊಂಡು ತಿನ್ನುತ್ತಾನೆಂದು ಕೇಳಿದವರು ನನ್ನ ಮುಖ ನೋಡುತ್ತಿದ್ದರು. ಅಪ್ಪನನ್ನು ಔರಂಗಾಬಾದಿಗೆ ತಂದು ಇಟ್ಟುಕೊಳ್ಳುವುದೆಂದು ನಾನು ನಿರ್ಧಾರ ಮಾಡಿಬಿಟ್ಟೆ. ಮಾಡಿಬಿಟ್ಟೆ ಅನ್ನುವುದೇ ಸರಿ. ಎಮ್ಮೆಯನ್ನು ತಂಗಿಯ ಮನೆಗೆ ಕಳಿಸಿದೆ. ಹೊಲವನ್ನು ಐದು ವರ್ಷದ ಲಾವಣಿಗೆ ಕೊಡಲು ದೂರದ ಸಂಬಂಧಿಕನೊಬ್ಬನ ಜೊತೆ ಮಾತು ಮುಗಿಸಿ, ಮುಂಗಡ ಇಪ್ಪತ್ತು ಸಾವಿರವನ್ನೂ ತೆಗೆದುಕೊಂಡೆ. ಎಮ್ಮೆಯ ವಿಷಯ ಅಪ್ಪನಿಗೆ ಗೊತ್ತಿತ್ತು, ಲಾವಣಿಯ ವಿಷಯ ಹೇಳಿರಲಿಲ್ಲ. ಮೊದಲು ಊರು ಹಿಡಿಸಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಊರು ಹಿಡಿಸುವುದಕ್ಕೆಂದೇ ಈ ತಿರುಗಾಟ. ನೆಂಟರಿಗೆ ಎರಡು ದಿನದ ವೇಳಾಪಟ್ಟಿಯಾದರೆ ಅಪ್ಪನಿಗೆ ಹದಿನೈದು ದಿನದ್ದು ಹಾಕಿದ್ದೆ.

ಬಸ್ಸು ಬೆಳಗಿನ ಜಾವ ಮುಟ್ಟಿತು. ಸೊಲ್ಲಾಪುರ, ತುಳಜಾಪುರ, ಬೀಡ ದಾಟಿ ರಾತ್ರಿಯಿಡೀ ಕೂತು ಬಂದ ಅಪ್ಪ ಕೈಚೀಲ ಹಿಡಿದು ಇಳಿದ. ಹೊಸ ಊರು, ಭಾಷೆ ಬಾರದು, ಗಾಬರಿಯಾದಾನು ಎಂದು ನಾನು ಓಡಿಹೋಗಿ ಕೈ ಹಿಡಿದೆ. ಅಷ್ಟರಲ್ಲಿ ಅಪ್ಪ ಆಟೋದವನ ಜೊತೆ ದಖನಿಯಲ್ಲಿ ಚೌಕಾಸಿ ಶುರುಮಾಡಿದ್ದ. ಅವನು ಒಂದು ರೇಟು ಹೇಳಿದ, ಅಪ್ಪ "ನಕ್ಕೋ" ಅಂದ. ಇನ್ನೊಂದು ಹೇಳಿದ, "ಹೌ" ಅಂದ. ಹೌ ಮತ್ತು ನಕ್ಕೋ, ಈ ಎರಡು ಮಾತಿದ್ದರೆ ಗುಲ್ಬರ್ಗಾ, ಔರಂಗಾಬಾದ್, ಹೈದರಾಬಾದು ಮೂರೂ ಕಡೆ ಬದುಕಬಹುದು ಎಂದು ಆಮೇಲೆ ನನಗೇ ಹೇಳಿದ. ಹದಿನೈದು ವರ್ಷದಿಂದ ಇದ್ದ ನಾನು ಮರಾಠಿಯನ್ನು ಇನ್ನೂ ಲೆಕ್ಕ ಮಾಡಿ ಮಾತಾಡುತ್ತಿದ್ದೆ.

ದಾರಿಯಲ್ಲಿ ಸುಭೇದಾರಿ ವಿಶ್ರಾಂತಿಗೃಹದ ಬೋರ್ಡು ತೋರಿಸಿದೆ. ಅಪ್ಪ ಅದನ್ನು ನೋಡಿ ನಕ್ಕ. "ಸುಬೇದಾರ ನಮ್ಮಲ್ಲೂ ಇದ್ದ. ಇದೇನು ಪರರಾಜ್ಯ ಅಲ್ಲೋ, ನಮ್ಮದೇ ಇತ್ತು."

ಹೌದಲ್ಲ ಅನ್ನಿಸಿತು. ನಾನು ಹುಟ್ಟಿದ್ದು ಮೈಸೂರು ರಾಜ್ಯದಲ್ಲಿ. ಅಪ್ಪ ಹುಟ್ಟಿದ್ದು ನಿಜಾಮನ ಹೈದರಾಬಾದಿನಲ್ಲಿ. ಆ ಸಂಸ್ಥಾನಕ್ಕೆ ನಾಲ್ಕು ಸುಭಾಗಳು: ಔರಂಗಾಬಾದ್, ಗುಲ್ಬರ್ಗಾ, ಮೇದಕ್, ವರಂಗಲ್. 1956ರ ನವೆಂಬರ್ 1ರಂದು ಅದು ಮೂರು ಪಾಲಾಯಿತು. ಗುಲ್ಬರ್ಗಾ, ರಾಯಚೂರು, ಬೀದರ ನಮ್ಮ ಕಡೆ ಬಂದವು. ಮರಾಠವಾಡದ ಐದು ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಹೋಗಿ 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ತೆಲುಗು ಜಿಲ್ಲೆಗಳು ಆಂಧ್ರಕ್ಕೆ ಸೇರಿದವು. ಸೆಪ್ಟೆಂಬರ್ 17ಕ್ಕೆ ಇಲ್ಲಿಯೂ ಧ್ವಜ ಏರಿಸುತ್ತಾರೆ, ಕಲಬುರಗಿಯಲ್ಲೂ ಏರಿಸುತ್ತಾರೆ. ಬೆಂಗಳೂರಿನಿಂದ ಬಂದ ನೆಂಟರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

ದೌಲತಾಬಾದಿಗೆ ಹೋದದ್ದು ನಾಲ್ಕನೆಯ ದಿನ. ದೂರದಿಂದಲೇ ಕೋಟೆ ಕಾಣುತ್ತದೆ. ಬಯಲಿನಲ್ಲಿ ಒಂಟಿ ಗುಡ್ಡ. ಅದರ ಕೆಳಗಿನ ಭಾಗವನ್ನು ಸುತ್ತಲೂ ನೆಟ್ಟಗೆ ಗೋಡೆಯ ಹಾಗೆ ಕಡಿದಿದ್ದಾರೆ, ಉಡ ಕೂಡ ಹತ್ತಬಾರದು ಹಾಗೆ. ಅಪ್ಪ ನೋಡಿದವನೇ "ಇದು ಗುಡ್ಡಕ್ಕ ಕ್ಷೌರ ಮಾಡಿಸಿದಂಗ ಅದ" ಅಂದ. ದೇವಗಿರಿಯನ್ನು 1187ರ ಸುಮಾರಿಗೆ ರಾಜಧಾನಿ ಮಾಡಿದವನು ಸೇವುಣರ ಐದನೆಯ ಭಿಲ್ಲಮ. ಈ ಯಾದವರ ಶಾಸನಗಳಲ್ಲಿ ಕನ್ನಡದವು ಬೇಕಾದಷ್ಟಿವೆ. ಅದೇ ವಂಶದ ರಾಮಚಂದ್ರನ ಕಾಲದಲ್ಲೇ ಜ್ಞಾನೇಶ್ವರಿ ಮರಾಠಿಯಲ್ಲಿ ಬಂತು. 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಇದೇ ರಾಮಚಂದ್ರನ ಮೇಲೆ ಏರಿ ಬಂದು ಕೊಳ್ಳೆ ಹೊಡೆದ. 1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ದೆಹಲಿಯನ್ನೇ ಇಲ್ಲಿಗೆ ತರಹೊರಟು ದೌಲತಾಬಾದ್ ಎಂದು ಹೆಸರಿಟ್ಟ. ದೆಹಲಿಯಿಂದ ಇಲ್ಲಿಗೆ ನಲವತ್ತು ದಿನದ ದಾರಿ ಎಂದು ಇಬ್ನ್ ಬತೂತಾ ಬರೆದಿದ್ದಾನೆ. ಇಲ್ಲಿನ ಸೆರೆಮನೆಯ ಇಲಿಗಳು ಬೆಕ್ಕಿಗಿಂತ ದೊಡ್ಡವು ಎಂದೂ ಬರೆದಿದ್ದಾನೆ. ನಾಯಿ ಬೆಕ್ಕು ಸಮೇತ ದೆಹಲಿಯೆಲ್ಲ ಖಾಲಿಯಾಯಿತು ಎಂಬ ಕತೆಯನ್ನು ಇತಿಹಾಸಕಾರರು ಈಗ ಒಪ್ಪುವುದಿಲ್ಲ. ಅಮೀರರು, ಅಧಿಕಾರಿಗಳು, ಮೌಲ್ವಿಗಳು, ಸೂಫಿಗಳು ತಮ್ಮ ಸಂಸಾರದ ಜೊತೆ ಬಂದರು. ಕೆಲವು ವರ್ಷದ ನಂತರ ತಿರುಗಿ ಹೋಗಲು ಅಪ್ಪಣೆಯಾಯಿತು. ಹೋದವರು ಹೋದರು, ಉಳಿದವರು ಉಳಿದರು.

ಇಷ್ಟನ್ನೂ ಅಪ್ಪನಿಗೆ ಹೇಳುತ್ತ ನಡೆದೆ. ಹೇಳುವಾಗ ತುಘಲಕ್ ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದು, ದಖನ್ನು ಹತ್ತಿರ ಇರಲಿ ಎಂದು ಮಾಡಿದ್ದು ಎಂದು ಅವನ ಪರವಾಗಿ ವಾದಿಸಿದೆ. ಅಪ್ಪ ಹೂಂ ಹೂಂ ಅಂದ. "ಬರ್ತೀರೇನು ಅಂತ ಅವರಿಗೆ ಕೇಳಿದ್ನೇನು?" ಎಂದು ಒಂದೇ ಪ್ರಶ್ನೆ ಕೇಳಿದ. ನಾನು ಆನೆ ಹೌದು ತೋರಿಸಿದೆ.

ಹೌದು, ಅಂದರೆ ಕೆರೆಯಂಥ ದೊಡ್ಡ ಕಲ್ಲಿನ ಹೊಂಡ. ಅದರ ಪಕ್ಕದಲ್ಲಿ ಭಾರತಮಾತಾ ಮಂದಿರ. ಯಾದವರ ಕಾಲದ ಗುಡಿಗಳ ಕಂಬಗಳನ್ನು ತಂದು ಖಿಲ್ಜಿಯ ಮಗ ಮಸೀದಿ ಕಟ್ಟಿಸಿದ. 1948ರ ನಂತರ ಅದರೊಳಗೆ ಭಾರತಮಾತೆಯನ್ನು ಕೂಡಿಸಿದರು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಹಳ ಹೊತ್ತು ಕಂಬಗಳನ್ನು ಮುಟ್ಟಿ ನೋಡುತ್ತ ಓಡಾಡಿದ, ಏನೂ ಅನ್ನಲಿಲ್ಲ. ಚಾಂದ್ ಮಿನಾರ್ ದಾಟಿ ಮೇಲೆ ಹೋದರೆ ಚೀನಿ ಮಹಲ್. ನೀಲಿ ಹೆಂಚಿನ ಚೂರುಗಳು ಗೋಡೆಗೆ ಅಂಟಿಕೊಂಡಿವೆ. ಗೋಲ್ಕೊಂಡದ ಕೊನೆಯ ಸುಲ್ತಾನ ತಾನಾಶಾನನ್ನು ಔರಂಗಜೇಬ 1687ರಲ್ಲಿ ಗೆದ್ದು ತಂದು, ಸಾಯುವವರೆಗೆ ಹನ್ನೆರಡು ವರ್ಷ ಇಟ್ಟಿದ್ದು ಇಲ್ಲಿಯೇ. ಸೆರೆಮನೆ ಅನ್ನುವುದಕ್ಕೆ ಮಹಲು ಚೆನ್ನಾಗಿಯೇ ಇದ್ದಿರಬೇಕು. "ಊಟಕ್ಕ ಏನೂ ಕಮ್ಮಿ ಮಾಡಿರಾಕಿಲ್ಲ ಬಿಡು" ಅಂದ ಅಪ್ಪ.

ಮುಂದೆ ಕೊತ್ತಲದ ಮೇಲೆ ಟಗರಿನ ತಲೆಯ ಮೇಂಢಾ ತೋಫು. ತೋಪಿನ ಮೈಮೇಲೆ ಪಾರಸಿ ಅಕ್ಷರಗಳಿವೆ. ನಾನು ಅಲ್ಲಿಗೆ ಹತ್ತಾರು ಸಲ ಬಂದಿದ್ದರೂ ಅದು ನನಗೆ ಬರೀ ಬಳ್ಳಿಯ ಚಿತ್ತಾರ. ಅಪ್ಪ ಕನ್ನಡಕ ಒರೆಸಿಕೊಂಡು ಬಗ್ಗಿದ. ಬೆರಳಿಟ್ಟು, ಶಾಲೆಯ ಹುಡುಗರ ಹಾಗೆ, ಕಾಫ್, ಲಾಮ್, ಐನ್ ಎಂದು ಕೂಡಿಸತೊಡಗಿದ. ನಿಜಾಮನ ಕಾಲಕ್ಕೆ ನಮ್ಮ ಕಡೆ ಶಾಲೆ ಅಂದರೆ ಉರ್ದು ಶಾಲೆ. ಅಪ್ಪ ಲೆಕ್ಕ ಕಲಿತದ್ದು, ಭೂಗೋಲ ಕಲಿತದ್ದು ಎಲ್ಲ ಉರ್ದುವಿನಲ್ಲಿ. ಕನ್ನಡ ಅಕ್ಷರಗಳನ್ನು ದೊಡ್ಡವನಾದ ಮೇಲೆ ಅವ್ವನ ಹತ್ತಿರ ಕಲಿತನಂತೆ. "ಕಿಲಾ ಶಿಕನ್" ಎಂದು ಓದಿದ. "ಕೋಟಿ ಒಡಿಯೂದು ಅಂತ ಇದರ ಹೆಸರು. ಇಲ್ಲಿ ನೋಡು, ಔರಂಗಜೇಬ." ಸುತ್ತ ನಾಲ್ಕೈದು ಜನ ಸೇರಿದರು. ಒಬ್ಬ ಕಾಲೇಜು ಹುಡುಗ "ಬಾಬಾ, ಇದೇನು?" ಎಂದು ಇನ್ನೊಂದು ಕಡೆ ತೋರಿಸಿದ. ಅವ್ವ ಹೋದ ಮೇಲೆ ಅಪ್ಪನ ಮುಖದಲ್ಲಿ ನಾನು ಮೊದಲ ಸಲ ಕಳೆ ಕಂಡಿದ್ದು ಆಗ. ನನ್ನ ಉಪಾಯ ನಡೆಯಿತು, ಊರು ಹಿಡಿಸಿತು ಎಂದು ಒಳಗೊಳಗೇ ಲೆಕ್ಕ ಹಾಕಿದೆ.

ಕಂದಕ ದಾಟಿದ ಮೇಲೆ ಅಂಧೇರಿ. ಬಂಡೆಯ ಒಳಗೇ ಕೊರೆದ ಕತ್ತಲ ದಾರಿ, ತಿರುತಿರುಗಿ ಮೇಲೇರುತ್ತದೆ. ಗೈಡ್ ಪಂಜು ಹಿಡಿದು ಮುಂದೆ ನಡೆದ. ಬಾವಲಿಗಳ ನಾತ, ಕಾಲ ಕೆಳಗೆ ಒಂದು ಮೆಟ್ಟಿಲು ಎತ್ತರ, ಇನ್ನೊಂದು ತಗ್ಗು. ಅದೂ ಬೇಕೆಂದೇ ಮಾಡಿದ್ದು, ಓಡಿಬಂದ ವೈರಿ ಮುಗ್ಗರಿಸಲಿ ಎಂದು. ಒಂದು ಕಡೆ ಬೆಳಕು ಬರುತ್ತದೆ. ಅದನ್ನು ನಂಬಿ ಹೆಜ್ಜೆ ಇಟ್ಟರೆ ನೇರ ಕಂದಕಕ್ಕೆ. ಮೇಲಿನ ತುದಿಯಲ್ಲಿ ಬೆಂಕಿ ಹಾಕಿ ದಾರಿಯನ್ನೆಲ್ಲ ಹೊಗೆ ತುಂಬಿಸುವ ಏರ್ಪಾಡು. ಗೈಡ್ ಪಂಜು ಆರಿಸಿ ನಮಗೆ ಕತ್ತಲು ಎಂದರೇನು ತೋರಿಸಿದ. ನಾನು ಅಪ್ಪನ ಕೈ ಹಿಡಿದುಕೊಂಡೆ. ಹೆದರಿದ್ದು ನಾನು. "ನಮ್ಮ ಹಗೇವದಾಗ ಇಳಿದಂಗ ಅದ" ಎಂದು ಅಪ್ಪನ ದನಿ ಬಂತು. ಜೋಳ ತುಂಬಿಡುವ ನೆಲದೊಳಗಿನ ಹಗೇವು.

ಅಂಧೇರಿ ದಾಟಿ ಗಣಪತಿ ಗುಡಿಯ ಹತ್ತಿರ ಅಪ್ಪ ಕೂತ. "ನೀ ಹೋಗಿ ಬಾ, ನನಗ ಇಲ್ಲಿಗೆ ಸಾಕು." ನಾನೊಬ್ಬನೇ ಬಾರಾದರಿಗೆ ಹೋದೆ, ಅಲ್ಲಿಂದಲೂ ಮೇಲೆ, ಏಕನಾಥರ ಗುರು ಜನಾರ್ದನ ಸ್ವಾಮಿಗಳ ಗುಹೆಯವರೆಗೆ ಹೋದೆ. ಜನಾರ್ದನ ಸ್ವಾಮಿಗಳು ಈ ಕೋಟೆಯ ಅಧಿಕಾರಿಯಾಗಿದ್ದವರು, ನೌಕರಿ ಮಾಡುತ್ತಲೇ ಸಂತರಾದವರು. ನನಗೆ ನೌಕರಿಯೇ ಪೂರ್ತಿ ಬರುವುದಿಲ್ಲ. ಲಾವಣಿಯ ಸಂಗತಿಯನ್ನು ಹೇಗೆ ಹೇಳುವುದೆಂದು ಅಲ್ಲಿ ನಿಂತು ಎರಡು ಮೂರು ಥರ ಮಾತು ಜೋಡಿಸಿಕೊಂಡೆ. ಕೆಳಗಿಳಿದು ಬಂದರೆ ಅಪ್ಪ ಒಬ್ಬ ಮುದುಕ ಚೌಕೀದಾರನ ಜೊತೆ ಬೀಡಿ ಹಚ್ಚಿ ಕೂತಿದ್ದ. ತೊಗರಿಯ ಮಾತು ನಡೆದಿತ್ತು. ಈ ಸಲ ತೊಗರಿ ಯಾವಾಗ ರಾಶಿಗೆ ಬರುತ್ತದೆ, ಇಲ್ಲಿ ಕ್ವಿಂಟಲಿಗೆ ಏನು ಧಾರಣೆ.

ಹೊರಗೆ ಬಂದು ಗಾಡಿಗಳ ಮೇಲೆ ಪೇರಲ ಹಣ್ಣು ಕೊಂಡೆವು. ದೌಲತಾಬಾದಿನ ಪೇರಲ, ಸೀತಾಫಲ ಇಲ್ಲಿ ಹೆಸರುವಾಸಿ, ಸೀತಾಫಲದ ಕಾಲ ಮುಗಿದಿತ್ತು. ಕಾಗಜೀಪುರ ದಾಟಿ ಘಟ್ಟ ಹತ್ತಿದರೆ ಖುಲ್ದಾಬಾದ್. ಅಲ್ಲಿ ಎಲ್ಲರೂ ನೋಡುವುದು ಔರಂಗಜೇಬನ ಗೋರಿ. ಮೇಲೆ ಛಾವಣಿ ಇಲ್ಲ, ಗೋರಿಯ ಮಣ್ಣಿನಲ್ಲಿ ತುಳಸಿಯಂಥ ಗಿಡ. ಅಪ್ಪ ಅದನ್ನು ನೋಡಿದ, ಹೊರಗೆ ಬಂದ. ಬಾಗಿಲಲ್ಲಿ ಕೂತಿದ್ದ ಮುಜಾವರ ಎಲ್ಲಿಯವರೆಂದು ಕೇಳಿದ. ಗುಲ್ಬರ್ಗಾ ಅಂದದ್ದೇ ತಡ, ಎದ್ದು ನಿಂತ. "ಹಾಗಾದರೆ ಬಂದೇನವಾಜರ ತಂದೆಯವರನ್ನು ನೋಡದೆ ಹೋಗುತ್ತೀರಾ?"

ಇದು ನನ್ನ ವೇಳಾಪಟ್ಟಿಯಲ್ಲಿ ಇರಲಿಲ್ಲ. ಹದಿನೈದು ವರ್ಷದಲ್ಲಿ ನನಗೆ ತಿಳಿದಿರಲೂ ಇಲ್ಲ. ಗುಲ್ಬರ್ಗಾದ ಖಾಜಾ ಬಂದೇನವಾಜ ಅಂದರೆ ನಮ್ಮ ಕಡೆ ಜಾತಿ ಕೇಳದೆ ಎಲ್ಲರೂ ಹೋಗುವ ಜಾಗ. ಶರಣಬಸಪ್ಪನ ತೇರಿಗೆ ಹೋದ ಹಾಗೆಯೇ ಅಪ್ಪ ಉರುಸಿಗೂ ಹೋಗುತ್ತಿದ್ದ. ಆ ಖಾಜಾ ಹುಟ್ಟಿದ್ದು ದೆಹಲಿಯಲ್ಲಿ, 1321ರಲ್ಲಿ. ತುಘಲಕನ ಅಪ್ಪಣೆಗೆ ಊರು ಬಿಟ್ಟವರಲ್ಲಿ ಅವರ ತಂದೆ ಸಯ್ಯದ್ ಯೂಸುಫ್ ಹುಸೇನಿಯೂ ಒಬ್ಬರು. ರಾಜು ಖತ್ತಾಲ್ ಎಂದು ಇಲ್ಲಿ ಕರೆಯುತ್ತಾರೆ. ಹುಡುಗ ಏಳೆಂಟು ವರ್ಷದವನು, ತಂದೆಯ ಜೊತೆ ದೌಲತಾಬಾದಿಗೆ ಬಂದ. ಕೆಲವೇ ವರ್ಷಕ್ಕೆ ತಂದೆ ಇಲ್ಲಿ ತೀರಿಕೊಂಡರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ದೆಹಲಿಗೆ ತಿರುಗಿ ಹೋದಳು. 1398ರಲ್ಲಿ ತೈಮೂರ ದೆಹಲಿಯ ಮೇಲೆ ಬಂದಾಗ, ಎಂಬತ್ತರ ಹತ್ತಿರದ ಖಾಜಾ ಮತ್ತೆ ದಖನ್ನಿನ ದಾರಿ ಹಿಡಿದರು. ಇಲ್ಲಿಗೆ ಬಂದು ತಂದೆಯ ಗೋರಿ ನೋಡಿಕೊಂಡು, ಬಹಮನಿ ಸುಲ್ತಾನ ಫಿರೋಜಶಹ ಕರೆದನೆಂದು ಗುಲ್ಬರ್ಗಾಕ್ಕೆ ನಡೆದರು. 1422ರಲ್ಲಿ ಅಲ್ಲಿಯೇ ಮುಗಿದರು. ಆ ಬಹಮನಿಗಳೂ ಇಲ್ಲಿಯವರೇ. 1347ರಲ್ಲಿ ಹಸನ್ ಗಂಗೂ ಪಟ್ಟಕ್ಕೆ ಕೂತದ್ದು ದೌಲತಾಬಾದಿನಲ್ಲಿ, ಆಮೇಲೆ ರಾಜಧಾನಿಯನ್ನು ಗುಲ್ಬರ್ಗಾಕ್ಕೆ ಒಯ್ದ.

ಅಪ್ಪ ತಲೆಗೆ ಟವಲು ಸುತ್ತಿಕೊಂಡು ಒಳಗೆ ಹೋದ. ಚೀಲದಿಂದ ಎರಡು ಪೇರಲ ಹಣ್ಣು ತೆಗೆದು ಇಟ್ಟ. ಹೊರಗೆ ಬೇವಿನ ಮರದ ಕೆಳಗೆ ಒಂದು ಕಟ್ಟೆ. ಅಲ್ಲಿ ಕೂತೆವು.

"ಖಾಜಾನ ಅಪ್ಪ ಇಲ್ಲಿ, ಮಗ ನಮ್ಮಲ್ಲಿ" ಅಂದ ಅಪ್ಪ. "ನಮ್ಮದು ಉಲ್ಟಾ."

ನಾನು ಜೋಡಿಸಿಕೊಂಡ ಮಾತನ್ನು ಶುರುಮಾಡಲು ಬಾಯಿ ತೆರೆದೆ. ಅಪ್ಪ ತಾನೇ ಹೇಳಿದ. "ಲಾವಣಿ ಮಾತು ನನಗ ಗೊತ್ತದ. ಅಂವ ದೀಪಾವಳಿಗೇ ಬಂದು ಹೊಲ ಅಡ್ಡಾಡಿ ನೋಡಿ ಹೋದ. ಊರಾಗ ಏನ್ ಮುಚ್ಚಿಡ್ತಿ?"

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಗೊತ್ತಿದ್ದೂ ಬಸ್ಸು ಹತ್ತಿ ಬಂದಿದ್ದ. ನಾಲ್ಕು ದಿನ ನಾನು ತೋರಿಸಿದ್ದೆಲ್ಲ ನೋಡಿದ್ದ. ಸಿಟ್ಟಿನ ಮಾತೇನೂ ಆಡಲಿಲ್ಲ. ಪೇರಲ ಹಣ್ಣನ್ನು ಅರ್ಧ ಮುರಿದು ನನಗೆ ಕೊಟ್ಟು ಒಂದು ಹಳೆಯ ಸಂಗತಿ ಹೇಳಿದ. ನಾನು ಅದುವರೆಗೆ ಅದರ ಅರ್ಧ ಮಾತ್ರ ಕೇಳಿದ್ದೆ.

1948. ಅಪ್ಪನಿಗೆ ಹದಿನಾಲ್ಕು. ರಜಾಕಾರರ ಗಲಾಟೆಗೆ ನಮ್ಮೂರಿನ ಅರ್ಧ ಜನ ಒಂದು ರಾತ್ರಿ ಬಂಡಿ ಕಟ್ಟಿಕೊಂಡು ಗಡಿ ದಾಟಿ ಅಕ್ಕಲಕೋಟೆ ಕಡೆ ಹೋದರು. ಹೀಗೆ ಸಂಸ್ಥಾನದ ಗಡಿಯ ಎಷ್ಟೋ ಹಳ್ಳಿಗಳವರು ಸೊಲ್ಲಾಪುರ, ಬಿಜಾಪುರದ ಕಡೆ ಹೋಗಿದ್ದರು. ಮುತ್ಯಾ, ಅಂದರೆ ಅಪ್ಪನ ಅಪ್ಪ, ಹೆಂಡತಿ ಮಕ್ಕಳನ್ನು ಬಂಡಿಯಲ್ಲಿ ಕೂಡಿಸಿ ತಾನು ಹತ್ತಲಿಲ್ಲ. ಎಲ್ಲರೂ ಕರೆದರು, ಆಯಿ ಅತ್ತಳು. ಬರಲಿಲ್ಲ. ನಾಲ್ಕು ತಿಂಗಳು ಒಂದು ಧರ್ಮಶಾಲೆಯಲ್ಲಿ ಇದ್ದರು. ಅಷ್ಟೂ ದಿನ ಮುತ್ಯಾ ಸತ್ತಿದ್ದಾನೆ ಎಂದೇ ತಿಳಿದು ಆಯಿ ಕುಂಕುಮ ಹಚ್ಚಲೋ ಬಿಡಲೋ ತಿಳಿಯದೆ ಕಳೆದಳು. ಸೆಪ್ಟೆಂಬರಿನಲ್ಲಿ ಸೈನ್ಯ ಬಂದು ಎಲ್ಲ ತಣ್ಣಗಾದ ಮೇಲೆ ತಿರುಗಿ ಬಂದರು. ಪಕ್ಕದ ಮನೆಗಳ ಬಾಗಿಲು, ತೊಲೆ, ಜಂತಿ ಯಾವುದೂ ಇರಲಿಲ್ಲ. ಯಾರು ಒಯ್ದರು ಎಂದು ಕೇಳುವ ಹಾಗೂ ಇರಲಿಲ್ಲ. ನಮ್ಮ ಮನೆ ಇತ್ತು. ಕಟ್ಟೆಯ ಮೇಲೆ ಮುತ್ಯಾ ಕೂತಿದ್ದ, ತೆಳ್ಳಗಾಗಿದ್ದ. ಇವರನ್ನು ನೋಡಿ "ಬಂದ್ರಿ?" ಅಂದನಂತೆ. ಅಷ್ಟೇ.

"ಬಂದ್ರಿ ಅನ್ನಾಕ ಒಬ್ಬರು ಇರಬೇಕಲ್ಲೋ ಮನಿಯಾಗ" ಅಂದ ಅಪ್ಪ. "ನೀ ವರ್ಷಕ್ಕ ಎರಡು ಸಲ ಬರ್ತಿ. ಯಾರು ಅನ್ನಬೇಕು ನಿನಗ?"

ನಾನು ಏನೋ ಹೇಳಿದೆ. ವಯಸ್ಸು, ಔಷಧ, ರಾತ್ರಿ ಎದೆ ಹಿಡಿದರೆ ಯಾರು ನೋಡುವವರು ಎಂದೆಲ್ಲ. ಅದೆಲ್ಲ ಸುಳ್ಳೇನೂ ಅಲ್ಲ, ಈಗಲೂ ಅಲ್ಲ. ಅಪ್ಪ ಎದ್ದು ಧೋತರದ ಮಣ್ಣು ಝಾಡಿಸಿಕೊಂಡು "ನಡಿ, ನಿನ್ನ ಕೈಲಾಸ ಒಂದು ಉಳದದಲ್ಲ" ಅಂದ.

ಎಲ್ಲೋರಾದಲ್ಲಿ ಅವತ್ತು ನನಗೆ ವಿವರಿಸುವ ಉಮೇದು ಉಳಿದಿರಲಿಲ್ಲ. ಅಪ್ಪನೇ ಕೇಳಿದ, ಇದನ್ನು ಮಾಡಿಸಿದವರು ನಮ್ಮ ಮಳಖೇಡದವರೇನು ಎಂದು. ಆ ಕೃಷ್ಣನ ಕಾಲಕ್ಕೆ ಮಳಖ�ೇಡ ಇನ್ನೂ ರಾಜಧಾನಿಯಾಗಿರಲಿಲ್ಲ, ಅಮೋಘವರ್ಷ ಆಮೇಲೆ ಮಾಡಿದ್ದು ಎಂದೆ. "ಅಂದ್ರ ಅವರೂ ಊರು ಬದಲಿ ಮಾಡ್ಯಾರ" ಅಂದ. ನಂದಿ ಮಂಟಪದ ನೆರಳಿನಲ್ಲಿ ಕೂತು ಉಳಿದ ಪೇರಲ ತಿಂದೆವು.

ಹದಿನೈದು ದಿನದ ವೇಳಾಪಟ್ಟಿ ಆರನೇ ದಿನಕ್ಕೆ ಮುಗಿಯಿತು. ತೊಗರಿ ರಾಶಿ ಹತ್ತಿರ ಬಂದಿತ್ತು. ನನ್ನ ಹೆಂಡತಿ ದಾರಿಗೆಂದು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. "ಮಾವಾ, ಯುಗಾದಿಗೆ ನಾವೇ ಬರ್ತೀವ್ರಿ" ಅಂದಳು. ಲಾವಣಿಯ ಮುಂಗಡ ಹಿಂದಿರುಗಿಸಿದೆ. ಆ ಸಂಬಂಧಿಕ ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಎಮ್ಮೆಯನ್ನು ತಂಗಿ ತಿರುಗಿ ಕಳಿಸಲಿಲ್ಲ, ಅದು ಅಷ್ಟರಲ್ಲಿ ಗಬ್ಬಾಗಿತ್ತು.

ಅಪ್ಪ ಆಮೇಲೆ ಏಳು ವರ್ಷ ಆ ಮನೆಯಲ್ಲಿ ಇದ್ದ. 2011ರ ಶ್ರಾವಣದಲ್ಲಿ ಒಂದು ರಾತ್ರಿ ಪಕ್ಕದ ಮನೆಯವರ ಫೋನು ಬಂತು. ನಾನು ಹೆದರಿದ್ದೇ ಆಯಿತು, ಹತ್ತಿರ ಯಾರೂ ಇರಲಿಲ್ಲ. ಬೀಡ, ತುಳಜಾಪುರ ದಾಟಿ ನಾನು ಮುಟ್ಟುವಾಗ ಹತ್ತು ಗಂಟೆ ಬಿಸಿಲು. ಜನ ಅಂಗಳದ ತುಂಬ ಇದ್ದರು. ಕಟ್ಟೆಯ ಮೇಲೆ ಕೂತಿದ್ದ ಅಪ್ಪನ ವಾರಿಗೆಯ ಮುದುಕನೊಬ್ಬ ನನ್ನನ್ನು ನೋಡಿ "ಬಂದಿ?" ಅಂದ.

ಕೋಟೆಗೆ ಈಗಲೂ ನೆಂಟರ ಜೊತೆ ಹೋಗುತ್ತೇನೆ. ಹಿಂದಿನ ವರ್ಷ ಧಾರವಾಡದವರು ಬಂದಿದ್ದರು. ಮೇಂಢಾ ತೋಪಿನ ಹತ್ತಿರ ನಿಂತು, ಅಪ್ಪ ಅಂದು ತೋರಿಸಿದ ಹಾಗೆ ಬೆರಳಿಟ್ಟು ಕಾಫ್, ಲಾಮ್, ಐನ್ ಎಂದು ಅವರ ಮಗಳಿಗೆ ಓದಿ ತೋರಿಸಿದೆ. ನನಗೆ ಬರುವುದು ಆ ಮೂರೇ ಅಕ್ಷರ. ಪಕ್ಕದಲ್ಲಿದ್ದ ಗೈಡ್ ಕೇಳಿಸಿಕೊಂಡು, ಸಾಹೇಬರು ಹೈದರಾಬಾದಿನವರೋ ಎಂದು ಮರಾಠಿಯಲ್ಲಿ ಕೇಳಿದ. ಹೌ, ಅಂದೆ. ಹುಡುಗಿ ನಾಲ್ಕನೆಯ ಅಕ್ಷರ ಯಾವುದು ಎಂದು ಕೇಳಿದಳು. ಬಿಸಿಲು ಏರುತ್ತಿತ್ತು, ಅಂಧೇರಿ ಇನ್ನೂ ಮುಂದಿತ್ತು, ನಡಿ ನಡಿ ಎಂದು ಹೊರಡಿಸಿದೆ.